ಎಂಕ್ಯಾಟ್‌ಗೆ ಎಷ್ಟು ತಿಂಗಳು ಓದಬೇಕು? ಮೊದಲು ಸೆಮಿಸ್ಟರ್ ಲೆಕ್ಕ ಹಾಕಿ

ಅಮೆರಿಕದಲ್ಲಿ ಡಾಕ್ಟರ್ ಆಗಬೇಕು ಅಂತ ಕಾಲೇಜು ಸೇರಿದ ಮಕ್ಕಳೂ ಅವರ ಅಪ್ಪ ಅಮ್ಮಂದಿರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಎಂಕ್ಯಾಟ್‌ಗೆ, ಅಂದರೆ ಮೆಡಿಕಲ್ ಸ್ಕೂಲ್‌ನ ಪ್ರವೇಶ ಪರೀಕ್ಷೆಗೆ, ಎಷ್ಟು ತಿಂಗಳು ಓದಬೇಕು? ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೂ ಮೊದಲು ತಿಳಿಯಬೇಕಾದ್ದು ಇನ್ನೊಂದಿದೆ. ಪರೀಕ್ಷೆಗೆ ಬೇಕಾದ ಕೋರ್ಸ್‌ಗಳು ಯಾವ ಸೆಮಿಸ್ಟರ್‌ಗೆ ಮುಗಿಯುತ್ತವೆ? ಇದು ಗೊತ್ತಾದರೆ ಪರೀಕ್ಷೆ ಯಾವಾಗ ಬರೆಯಬಹುದು ಅನ್ನೋದು ಹೆಚ್ಚುಕಮ್ಮಿ ತಾನಾಗಿಯೇ ತಿಳಿಯುತ್ತದೆ. ಓದುವ ತಿಂಗಳುಗಳ ಲೆಕ್ಕ ಆಮೇಲೆ ಬರುತ್ತದೆ.

ನೀಟ್ ಬರೆಯುವವರಿಗೆ ಈ ತಲೆಬಿಸಿ ಇಲ್ಲ. ಎಲ್ಲರಿಗೂ ಒಂದೇ ಸಿಲಬಸ್, ವರ್ಷಕ್ಕೊಂದು ಪರೀಕ್ಷೆ. ಅಮೆರಿಕದಲ್ಲಿ ನಾಲ್ಕು ವರ್ಷದ ಡಿಗ್ರಿ ಮಾಡುತ್ತಲೇ ಯಾವ ಕೋರ್ಸ್ ಯಾವಾಗ ಅಂತ ನೀವೇ ಆರಿಸಿಕೊಳ್ಳಬೇಕು. ಹಲವು ತಾರೀಖುಗಳಲ್ಲಿ ಒಂದನ್ನು ಹಿಡಿದು ಪರೀಕ್ಷೆ ಬರೆಯಬೇಕು. ಡಿಗ್ರಿ ಇಂಥದ್ದೇ ಆಗಿರಬೇಕು ಅಂತಲೂ ಇಲ್ಲ. ಇತಿಹಾಸ, ಸಂಗೀತ ಓದಿದವರೂ ಮೆಡಿಕಲ್ ಸೇರುತ್ತಾರೆ, ಬೇಕಾದ ವಿಜ್ಞಾನದ ಕೋರ್ಸ್‌ಗಳನ್ನು ಮುಗಿಸಿದ್ದರೆ ಸಾಕು. ಸ್ವಾತಂತ್ರ್ಯ ಜಾಸ್ತಿ, ಎಡವುವ ಜಾಗಗಳೂ ಜಾಸ್ತಿ.

ಪರೀಕ್ಷೆ ಹೇಗಿರುತ್ತದೆ

ಎಂಕ್ಯಾಟ್ ನಡೆಸುವುದು ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ, ಎಎಎಂಸಿ. ಈಗಿನ ರೂಪದ ಪರೀಕ್ಷೆ ಶುರುವಾಗಿದ್ದು 2015ರಲ್ಲಿ. ಒಟ್ಟು ನಾಲ್ಕು ಭಾಗ, 230 ಪ್ರಶ್ನೆ. ಕೆಮಿಸ್ಟ್ರಿ ಮತ್ತು ಫಿಸಿಕ್ಸ್ ಸೇರಿದ ಭಾಗ ಮೊದಲು. ಅದಾದ ಮೇಲೆ ಕಾರ್ಸ್ ಅನ್ನುವ ಓದಿ ಅರ್ಥ ಮಾಡಿಕೊಳ್ಳುವ ಭಾಗ. ಊಟದ ನಂತರ ಬಯಾಲಜಿ ಮತ್ತು ಬಯೋಕೆಮಿಸ್ಟ್ರಿ. ಕೊನೆಗೆ ಸೈಕಾಲಜಿ ಮತ್ತು ಸೋಶಿಯಾಲಜಿ. ಕಾರ್ಸ್‌ನಲ್ಲಿ 53 ಪ್ರಶ್ನೆಗೆ 90 ನಿಮಿಷ, ಉಳಿದ ಮೂರರಲ್ಲಿ ತಲಾ 59 ಪ್ರಶ್ನೆಗೆ 95 ನಿಮಿಷ. ಬ್ರೇಕ್ ಎಲ್ಲ ಸೇರಿ ಸುಮಾರು ಏಳೂವರೆ ಗಂಟೆ ಆಗುತ್ತದೆ.

ಒಂದೊಂದು ಭಾಗಕ್ಕೆ 118ರಿಂದ 132ರವರೆಗೆ ಸ್ಕೋರ್, ಒಟ್ಟು 472ರಿಂದ 528. ನಡುವಿನ ಅಂಕ 500. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ, ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕ್ಯಾಲ್ಕುಲೇಟರ್ ಕೊಡುವುದಿಲ್ಲ. ಪೀರಿಯಾಡಿಕ್ ಟೇಬಲ್ ಮಾತ್ರ ಸ್ಕ್ರೀನ್ ಮೇಲೆ ಸಿಗುತ್ತದೆ.

ವಿಜ್ಞಾನದ ಒಂದೊಂದು ಭಾಗದ 59 ಪ್ರಶ್ನೆಗಳಲ್ಲಿ 15 ಮಾತ್ರ ಬಿಡಿ ಪ್ರಶ್ನೆಗಳು. ಉಳಿದ 44 ಪ್ರಶ್ನೆಗಳು ಹತ್ತು ಪ್ಯಾಸೇಜ್‌ಗಳ ಮೇಲೆ ಬರುತ್ತವೆ. ಪ್ಯಾಸೇಜ್ ಅಂದರೆ ಯಾವುದೋ ಒಂದು ಪ್ರಯೋಗದ ವಿವರ, ಒಂದೆರಡು ಗ್ರಾಫ್, ಒಂದು ಟೇಬಲ್. ಅದನ್ನು ನೀವು ಹಿಂದೆ ನೋಡಿರುವುದಿಲ್ಲ, ನೋಡಿರಬೇಕು ಅಂತಲೂ ಇಲ್ಲ. ಕೋರ್ಸ್‌ನಲ್ಲಿ ಕಲಿತದ್ದನ್ನು ಹೊಸ ಜಾಗದಲ್ಲಿ ಬಳಸಲು ಬರುತ್ತದಾ ಅಂತ ಪರೀಕ್ಷಿಸುತ್ತಾರೆ.

ಒಂದು ಉದಾಹರಣೆ ನೋಡೋಣ. ಸಿಕಲ್ ಸೆಲ್ ಕಾಯಿಲೆಯಲ್ಲಿ ಹಿಮೋಗ್ಲೋಬಿನ್‌ನ ಬೀಟಾ ಚೈನ್‌ನಲ್ಲಿ ಆರನೇ ಜಾಗದಲ್ಲಿದ್ದ ಗ್ಲುಟಾಮೇಟ್ ಹೋಗಿ ವ್ಯಾಲೀನ್ ಬಂದಿರುತ್ತದೆ. ಸರಿಯಾದ ಹಿಮೋಗ್ಲೋಬಿನ್ ಮತ್ತು ಈ ಹಿಮೋಗ್ಲೋಬಿನ್ ಎರಡನ್ನೂ ಪಿಎಚ್ 8.6ರಲ್ಲಿ ಜೆಲ್ ಮೇಲೆ ಹಾಕಿ ಕರೆಂಟ್ ಕೊಟ್ಟರೆ ಯಾವುದು ಮುಂದೆ ಓಡುತ್ತದೆ? ಗ್ಲುಟಾಮೇಟ್‌ಗೆ ನೆಗೆಟಿವ್ ಚಾರ್ಜ್ ಇದೆ, ವ್ಯಾಲೀನ್‌ಗೆ ಇಲ್ಲ ಅನ್ನೋದು ಬಯೋಕೆಮಿಸ್ಟ್ರಿ. ಆ ಪಿಎಚ್‌ನಲ್ಲಿ ಗ್ಲುಟಾಮೇಟ್ ಪ್ರೋಟಾನ್ ಕಳೆದುಕೊಂಡಿರುತ್ತದೆ ಅನ್ನೋದು ಜನರಲ್ ಕೆಮಿಸ್ಟ್ರಿ. ನೆಗೆಟಿವ್ ಚಾರ್ಜ್ ಇರುವುದು ಪಾಸಿಟಿವ್ ತುದಿಯ ಕಡೆ ಹೋಗುತ್ತದೆ, ಚಾರ್ಜ್ ಕಮ್ಮಿಯಾದರೆ ಎಳೆತವೂ ಕಮ್ಮಿ ಅನ್ನೋದು ಫಿಸಿಕ್ಸ್. ಒಂದು ಹಿಮೋಗ್ಲೋಬಿನ್‌ನಲ್ಲಿ ಎರಡು ಬೀಟಾ ಚೈನ್ ಇರುವುದರಿಂದ ಎರಡು ನೆಗೆಟಿವ್ ಚಾರ್ಜ್ ಕಮ್ಮಿಯಾಗಿದೆ. ಹಾಗಾಗಿ ಸಿಕಲ್ ಸೆಲ್ ಹಿಮೋಗ್ಲೋಬಿನ್ ಹಿಂದೆ ಉಳಿಯುತ್ತದೆ. ಒಂದೇ ಪ್ರಶ್ನೆ, ಮೂರು ಕೋರ್ಸ್. ಸಿಗುವ ಸಮಯ ಸುಮಾರು ಒಂದೂವರೆ ನಿಮಿಷ, ಅದರಲ್ಲೇ ಪ್ಯಾಸೇಜನ್ನೂ ಓದಬೇಕು. ಇದರಲ್ಲಿ ಒಂದು ಕೋರ್ಸ್ ಆಗಿಲ್ಲದಿದ್ದರೂ ಉತ್ತರಕ್ಕೆ ಊಹೆಯೇ ಗತಿ.

ಕೆಮಿಸ್ಟ್ರಿಯ ಉದ್ದ ಸಾಲು

ಬೇಕಾಗುವ ಕೋರ್ಸ್‌ಗಳ ಪಟ್ಟಿ ದೊಡ್ಡದೇ. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ತಲಾ ಒಂದೊಂದು ವರ್ಷ, ಲ್ಯಾಬ್ ಸಮೇತ. ಬಯೋಕೆಮಿಸ್ಟ್ರಿ ಒಂದು ಸೆಮಿಸ್ಟರ್. ಸೈಕಾಲಜಿ, ಸೋಶಿಯಾಲಜಿ ಪರಿಚಯದ ಮಟ್ಟಕ್ಕೆ ಒಂದೊಂದು. ಸ್ವಲ್ಪ ಸ್ಟ್ಯಾಟಿಸ್ಟಿಕ್ಸ್ ಗೊತ್ತಿದ್ದರೆ ಗ್ರಾಫ್ ಓದುವಾಗ ಉಪಕಾರವಾಗುತ್ತದೆ. ಇದರ ಮೇಲೆ ಒಂದೊಂದು ಮೆಡಿಕಲ್ ಸ್ಕೂಲ್ ಕೇಳುವುದರಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ. ಒಂದು ಕಡೆ ಇಂಗ್ಲಿಷ್ ಕೋರ್ಸ್ ಕೇಳಿದರೆ ಇನ್ನೊಂದು ಕಡೆ ಗಣಿತ ಕೇಳುತ್ತಾರೆ.

ಇಷ್ಟರಲ್ಲಿ ನಿಮ್ಮ ವೇಳಾಪಟ್ಟಿಯನ್ನು ಕಟ್ಟಿಹಾಕುವುದು ಒಂದೇ ಒಂದು ಸಾಲು, ಅದು ಕೆಮಿಸ್ಟ್ರಿ. ಜನರಲ್ ಕೆಮಿಸ್ಟ್ರಿ ಎರಡು ಸೆಮಿಸ್ಟರ್ ಮುಗಿಸದೆ ಆರ್ಗ್ಯಾನಿಕ್‌ಗೆ ಬಿಡುವುದಿಲ್ಲ. ಆರ್ಗ್ಯಾನಿಕ್ ಎರಡು ಸೆಮಿಸ್ಟರ್ ಆದ ಮೇಲೆ ಬಯೋಕೆಮಿಸ್ಟ್ರಿ. ಕೆಲವು ಕಾಲೇಜುಗಳಲ್ಲಿ ಆರ್ಗ್ಯಾನಿಕ್ ಮೊದಲ ಭಾಗ ಆದರೆ ಸಾಕು ಅಂತಾರೆ, ಅದೃಷ್ಟ. ಒಟ್ಟು ಐದು ಸೆಮಿಸ್ಟರ್, ಒಂದರ ಹಿಂದೆ ಒಂದು. ಮೊದಲ ವರ್ಷದ ಫಾಲ್‌ನಲ್ಲಿ (ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಸೆಮಿಸ್ಟರ್) ಶುರು ಮಾಡಿದವರಿಗೆ ಬಯೋಕೆಮಿಸ್ಟ್ರಿ ಬರುವುದು ಮೂರನೇ ವರ್ಷದ ಫಾಲ್‌ನಲ್ಲಿ. ಮೊದಲ ವರ್ಷ ಸುಮ್ನೆ ಹೋಗಲಿ, ಆಮೇಲೆ ನೋಡೋಣ ಅಂದುಕೊಂಡವರಿಗೆ ನಾಲ್ಕನೇ ವರ್ಷ. ಬಯಾಲಜಿ, ಫಿಸಿಕ್ಸ್, ಸೈಕಾಲಜಿ ಎಲ್ಲವನ್ನೂ ಈ ಸಾಲಿನ ಪಕ್ಕ ಎಲ್ಲಿ ಬೇಕಾದರೂ ಕೂರಿಸಬಹುದು. ಕೆಮಿಸ್ಟ್ರಿಯನ್ನು ಮಾತ್ರ ಸರಿಸಲು ಆಗುವುದಿಲ್ಲ. ವರ್ಷವನ್ನು ಸೆಮಿಸ್ಟರ್ ಬದಲು ಇನ್ನೂ ಚಿಕ್ಕ ಅವಧಿಗಳಾಗಿ ಹಂಚುವ ಕ್ವಾರ್ಟರ್ ಪದ್ಧತಿಯ ಕಾಲೇಜಾದರೆ ಲೆಕ್ಕ ಬೇರೆ, ಆದರೆ ಸಾಲು ಇದೇ.

ಬಯೋಕೆಮಿಸ್ಟ್ರಿ ಬಿಟ್ಟು ಪರೀಕ್ಷೆ ಬರೆಯಬಹುದಾ? ಬರೆಯಬಹುದು, ಯಾರೂ ತಡೆಯುವುದಿಲ್ಲ. ಆದರೆ ಬಯಾಲಜಿ ಭಾಗದಲ್ಲಿ ಸುಮಾರು ಕಾಲು ಭಾಗ, ಕೆಮಿಸ್ಟ್ರಿ ಭಾಗದಲ್ಲೂ ಸುಮಾರು ಕಾಲು ಭಾಗ ಬಯೋಕೆಮಿಸ್ಟ್ರಿಯೇ ಇರುತ್ತದೆ ಅಂತ ಎಎಎಂಸಿಯೇ ಹೇಳಿದೆ. ಎರಡು ಭಾಗದಲ್ಲೂ ಹೊಡೆತ ಬೀಳುವ ವಿಷಯ ಬೇರೆ ಯಾವುದೂ ಈ ಮಟ್ಟಕ್ಕಿಲ್ಲ. ಅದೇ ಆರ್ಗ್ಯಾನಿಕ್ ಕೆಮಿಸ್ಟ್ರಿಯ ಪಾಲು ನೋಡಿ: ಕೆಮಿಸ್ಟ್ರಿ ಭಾಗದಲ್ಲಿ ಸುಮಾರು ಶೇ 15, ಬಯಾಲಜಿಯಲ್ಲಿ ಶೇ 5. ವರ್ಷವಿಡೀ ನಿದ್ದೆಗೆಡಿಸಿದ ಕೋರ್ಸ್‌ಗೆ ಇಷ್ಟೇನಾ ಅಂತ ಬೇಜಾರಾಗೋದು ಸಹಜ. ಹಾಗಾಗಿ ಸಮಯ ಇಲ್ಲದವರು ಆರ್ಗ್ಯಾನಿಕ್ ಎರಡನೇ ಭಾಗದ ರಿಯಾಕ್ಷನ್‌ಗಳನ್ನು ಮೇಲೆ ಮೇಲೆ ನೋಡಿಕೊಂಡು ಹೋಗಬಹುದು, ಅಮೈನೋ ಆಸಿಡ್‌ಗಳನ್ನು ಹಾಗೆ ಬಿಡಲು ಬರುವುದಿಲ್ಲ. ಇಪ್ಪತ್ತೂ ಬಾಯಿಪಾಠ ಆಗಿರಬೇಕು. ಹೆಸರು, ಒಂದಕ್ಷರದ ಗುರುತು, ಆಕಾರ, ಚಾರ್ಜ್ ಎಲ್ಲ.

ಫಿಸಿಕ್ಸ್‌ಗೆ ಕ್ಯಾಲ್ಕುಲಸ್ ಇಲ್ಲದ ಕೋರ್ಸ್ ಸಾಕು, ಪರೀಕ್ಷೆಯಲ್ಲಿ ಕ್ಯಾಲ್ಕುಲಸ್ ಇಲ್ಲ. ಹೈಸ್ಕೂಲ್‌ನಲ್ಲೇ ಎಪಿ ಎಂಬ ಕಾಲೇಜು ಮಟ್ಟದ ಕೋರ್ಸ್ ಮಾಡಿ ಕ್ರೆಡಿಟ್ ಪಡೆದವರು ಮಾತ್ರ ಒಂದು ವಿಷಯ ಗಮನಿಸಬೇಕು. ಎಪಿ ಕ್ರೆಡಿಟ್‌ನ್ನು ಕಾಲೇಜು ಒಪ್ಪಿದರೂ ಕೆಲವು ಮೆಡಿಕಲ್ ಸ್ಕೂಲ್‌ಗಳು ಒಪ್ಪುವುದಿಲ್ಲ, ಅಥವಾ ಅದರ ಬದಲು ಮೇಲಿನ ಹಂತದ ಕೋರ್ಸ್ ಕೇಳುತ್ತವೆ. ಎಎಎಂಸಿಯ ಎಂಎಸ್‌ಎಆರ್ ಎಂಬ ಡೇಟಾಬೇಸ್‌ನಲ್ಲಿ ಒಂದೊಂದು ಸ್ಕೂಲ್‌ನ ನಿಯಮವೂ ಇದೆ. ಪೂರ್ತಿ ವಿವರಕ್ಕೆ ದುಡ್ಡು ಕಟ್ಟಬೇಕು, ಕಟ್ಟಿದರೆ ನಷ್ಟವಿಲ್ಲ. ಅದರಲ್ಲೇ ಇನ್ನೊಂದನ್ನೂ ನೋಡಬೇಕಾದವರಿದ್ದಾರೆ: ಎಚ್-4 ವೀಸಾದಲ್ಲಿ, ಅಂದರೆ ಅಪ್ಪನ ಅಥವಾ ಅಮ್ಮನ ಕೆಲಸದ ವೀಸಾದ ಆಧಾರದ ಮೇಲೆ, ಬೆಳೆದ ಮಕ್ಕಳು. ಅಮೆರಿಕದ ಬಹಳಷ್ಟು ಮೆಡಿಕಲ್ ಸ್ಕೂಲ್‌ಗಳು ನಾಗರಿಕರನ್ನೂ ಗ್ರೀನ್ ಕಾರ್ಡ್ ಇರುವವರನ್ನೂ ಮಾತ್ರ ತೆಗೆದುಕೊಳ್ಳುತ್ತವೆ. ಪರೀಕ್ಷೆಯ ಯೋಚನೆಗಿಂತ ಮೊದಲೇ ಇದನ್ನು ತಿಳಿದುಕೊಳ್ಳೋದು ಒಳ್ಳೆಯದು.

ಜೂನ್‌ನಿಂದ ಹಿಂದಕ್ಕೆ ಎಣಿಸಿ

ಮೆಡಿಕಲ್ ಸ್ಕೂಲ್‌ಗೆ ಅರ್ಜಿ ಹಾಕೋದು ಕ್ಲಾಸ್ ಶುರುವಾಗುವುದಕ್ಕೆ ಒಂದು ವರ್ಷಕ್ಕೂ ಮುಂಚೆ. ಆಮ್‌ಕ್ಯಾಸ್ ಎಂಬ ಒಂದೇ ಅರ್ಜಿ ಹೆಚ್ಚಿನ ಸ್ಕೂಲ್‌ಗಳಿಗೆ ಹೋಗುತ್ತದೆ. ಟೆಕ್ಸಸ್‌ನ ಹೆಚ್ಚಿನ ಸ್ಕೂಲ್‌ಗಳಿಗೆ ಮಾತ್ರ ಬೇರೆ ವ್ಯವಸ್ಥೆ ಇದೆ. ಆಮ್‌ಕ್ಯಾಸ್ ಮೇ ಆರಂಭದಲ್ಲಿ ತೆರೆಯುತ್ತದೆ, ಮೇ ಕೊನೆಗೋ ಜೂನ್ ಮೊದಲಿಗೋ ಸಲ್ಲಿಸಬಹುದು. ಬಹಳಷ್ಟು ಕಡೆ ಅರ್ಜಿ ಬಂದ ಹಾಗೆ ನೋಡಿ ಸಂದರ್ಶನಕ್ಕೆ ಕರೆಯುತ್ತಾ ಹೋಗುತ್ತಾರೆ. ತಡವಾಗಿ ಬಂದವರಿಗೆ ಉಳಿದ ಜಾಗ ಕಮ್ಮಿ. ಆದ್ದರಿಂದ ಕೊನೇ ದಿನಾಂಕ ಅಕ್ಟೋಬರ್, ನವೆಂಬರ್‌ನಲ್ಲಿ ಇದೆ ಅಂತ ನೆಮ್ಮದಿಯಾಗಿ ಕೂರುವಂತಿಲ್ಲ.

ಎಂಕ್ಯಾಟ್ ಜನವರಿಯಲ್ಲಿ ಕೆಲವು ದಿನ ಇರುತ್ತದೆ, ಆಮೇಲೆ ವಸಂತದಿಂದ ಸೆಪ್ಟೆಂಬರ್‌ವರೆಗೆ ಹಲವು ದಿನ. ಫಲಿತಾಂಶಕ್ಕೆ ಸುಮಾರು ಒಂದು ತಿಂಗಳು ಬೇಕು. ಮೂರನೇ ವರ್ಷದ ಕೊನೆಯಲ್ಲಿ, ಜೂನ್‌ನಲ್ಲಿ, ಅರ್ಜಿ ಹಾಕುವವರಿಗೆ ನನ್ನ ಮಟ್ಟಿಗೆ ಚೆನ್ನಾಗಿ ಹೊಂದುವುದು ಎರಡು ದಾರಿ.

ಮೊದಲನೆಯದು ಜನವರಿ. ಫಾಲ್‌ನಲ್ಲಿ ಬಯೋಕೆಮಿಸ್ಟ್ರಿ ಮುಗಿದಿರುತ್ತದೆ, ಇನ್ನೂ ತಲೆಯಲ್ಲಿ ಹಸಿಯಾಗಿರುತ್ತದೆ. ಫಾಲ್‌ನ 14 ವಾರ ವಾರಕ್ಕೆ 10 ಗಂಟೆಯಂತೆ ಓದಿದರೆ 140 ಗಂಟೆ. ಚಳಿಗಾಲದ ರಜೆಯ ನಾಲ್ಕು ವಾರ ವಾರಕ್ಕೆ 40 ಗಂಟೆ ಕೂತರೆ 160. ಒಟ್ಟು 300. ಸಾಮಾನ್ಯವಾಗಿ ಜನ ಹೇಳುವ ಗುರಿಯೂ ಇದರ ಆಸುಪಾಸೇ. ಫಲಿತಾಂಶ ಫೆಬ್ರವರಿಯಲ್ಲಿ ಬರುತ್ತದೆ. ಸ್ಕೋರ್ ಸಾಲದೆ ಹೋದರೆ ಜೂನ್ ಒಳಗೆ ಇನ್ನೊಂದು ಸಲ ಬರೆಯಲು ಸಮಯ ಇರುತ್ತದೆ. ಈ ಒಂದು ಕಾರಣಕ್ಕೇ ನನಗೆ ಜನವರಿ ಇಷ್ಟ. ಒಂದೇ ತೊಂದರೆ, ರಜೆಯಲ್ಲಿ ಮನೆಗೆ ಬಂದ ಮಗಳು ರೂಮಿನಿಂದ ಹೊರಗೇ ಬರುವುದಿಲ್ಲ. ಮನೆಯವರು ಅದಕ್ಕೆ ತಯಾರಿರಬೇಕು. ಆ ರಜೆಯಲ್ಲಿ ಇಂಡಿಯಾ ಟ್ರಿಪ್ ಬುಕ್ ಮಾಡಬೇಡಿ.

ಎರಡನೆಯದು ಮೇ ತಿಂಗಳ ಮಧ್ಯ ಅಥವಾ ಕೊನೆ. ಸ್ಪ್ರಿಂಗ್ (ಜನವರಿಯಿಂದ ಮೇವರೆಗಿನ ಸೆಮಿಸ್ಟರ್) ಪೂರ್ತಿ ಹಗುರವಾಗಿ ಓದಿ, ಫೈನಲ್ಸ್, ಅಂದರೆ ಸೆಮಿಸ್ಟರ್ ಕೊನೆಯ ಪರೀಕ್ಷೆಗಳು, ಮುಗಿದ ಮೇಲಿನ ಎರಡು ಮೂರು ವಾರ ಪೂರ್ತಿ ಇದಕ್ಕೇ ಕೊಡುವುದು. ಏಪ್ರಿಲ್ ಕೊನೆಯ ತಾರೀಖು ನೋಡಲು ಚೆನ್ನಾಗಿ ಕಾಣುತ್ತದೆ, ಆದರೆ ಅದು ಸರಿಯಾಗಿ ಫೈನಲ್ಸ್ ಮೇಲೆ ಬಂದು ಕೂರುತ್ತದೆ. ಮೇನಲ್ಲಿ ಬರೆದರೆ ಸ್ಕೋರ್ ಜೂನ್‌ನಲ್ಲಿ ಸಿಗುತ್ತದೆ. ಅಷ್ಟರಲ್ಲಿ ಅರ್ಜಿ ಸಲ್ಲಿಸಿಬಿಟ್ಟಿರಬಹುದು. ಆಮ್‌ಕ್ಯಾಸ್‌ನವರು ಅಂಕಪಟ್ಟಿಯ ಒಂದೊಂದು ಕೋರ್ಸನ್ನೂ ತಾಳೆ ನೋಡಲು ವಾರಗಟ್ಟಲೆ ತೆಗೆದುಕೊಳ್ಳುತ್ತಾರೆ, ಆ ಕೆಲಸ ಸ್ಕೋರ್‌ಗೆ ಕಾಯುವುದಿಲ್ಲ. ಬಹಳ ಜನ ಮಾಡುವ ಉಪಾಯ ಏನಂದರೆ, ಮೊದಲು ಒಂದೇ ಸ್ಕೂಲ್ ಹೆಸರು ಹಾಕಿ ಅರ್ಜಿ ಸಲ್ಲಿಸುವುದು. ಸ್ಕೋರ್ ಬಂದ ಮೇಲೆ ಅದಕ್ಕೆ ತಕ್ಕ ಹಾಗೆ ಉಳಿದ ಸ್ಕೂಲ್‌ಗಳನ್ನು ಸೇರಿಸುವುದು.

ಇವೆರಡೂ ಆಗದಿದ್ದರೆ ಗ್ಯಾಪ್ ಇಯರ್. ನಮ್ಮ ಜನರಿಗೆ ಈ ಮಾತು ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಒಂದು ವರ್ಷ ಹಾಳಾಯಿತಲ್ಲ ಅಂತ. ನಿಜ ಏನಂದರೆ ಈಗ ಅಮೆರಿಕದ ಮೆಡಿಕಲ್ ಸ್ಕೂಲ್ ಸೇರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಡಿಗ್ರಿ ಮುಗಿಸಿ ಒಂದು ವರ್ಷವಾದರೂ ಬಿಟ್ಟು ಬಂದವರು. ಆಸ್ಪತ್ರೆಯಲ್ಲೋ ಲ್ಯಾಬ್‌ನಲ್ಲೋ ಕೆಲಸ ಮಾಡಿರುತ್ತಾರೆ, ಅದು ಅರ್ಜಿಯಲ್ಲಿ ತೂಕವಾಗಿಯೇ ಕಾಣುತ್ತದೆ.

ವಾರದಲ್ಲಿ ಎಷ್ಟು ಗಂಟೆ ಇದೆ?

ಪ್ಲ್ಯಾನ್‌ಗಳು ಕೆಡುವುದು ಹೆಚ್ಚಾಗಿ ಇಲ್ಲಿ. ವಾರಕ್ಕೆ 20 ಗಂಟೆ ಓದುತ್ತೇನೆ ಅಂತ ಬರೆದುಕೊಳ್ಳುವುದು ಸುಲಭ. ಆ 20 ಗಂಟೆ ಎಲ್ಲಿಂದ ಬರುತ್ತದೆ ಅಂತ ಯಾರೂ ಬರೆಯುವುದಿಲ್ಲ.

16 ಕ್ರೆಡಿಟ್, ಅಂದರೆ ವಾರಕ್ಕೆ ಹೆಚ್ಚುಕಮ್ಮಿ 16 ಗಂಟೆ ಕ್ಲಾಸ್, ತೆಗೆದುಕೊಂಡಿದ್ದೀರಿ ಅಂತಿಟ್ಟುಕೊಳ್ಳಿ. ಒಂದು ಗಂಟೆ ಕ್ಲಾಸ್‌ಗೆ ಹೊರಗೆ ಎರಡು ಗಂಟೆ ಕೆಲಸ ಅನ್ನೋದು ಕಾಲೇಜುಗಳ ಸಾಮಾನ್ಯ ಲೆಕ್ಕ. ಅಲ್ಲಿಗೆ 48 ಗಂಟೆ ಆಯಿತು. ಲ್ಯಾಬ್ ಇದ್ದರೆ ಇನ್ನೂ ಜಾಸ್ತಿ. ಒಂದು ಕ್ರೆಡಿಟ್ ಕೊಟ್ಟು ಮೂರು ಗಂಟೆ ನಿಲ್ಲಿಸಿ, ಮೇಲೆ ರಿಪೋರ್ಟ್ ಬರೆಸುತ್ತಾರೆ. ರಿಸರ್ಚ್, ವಾಲಂಟಿಯರಿಂಗ್‌ಗೆ ಒಂದು ಎಂಟು ಗಂಟೆ ಇಡಿ. 56. ಇದರ ಮೇಲೆ ಎಂಕ್ಯಾಟ್‌ನ 20 ಸೇರಿದರೆ 76. ಎರಡು ವಾರ ಎಳೆಯಬಹುದು, ಹದಿನಾಲ್ಕು ವಾರ ಆಗುವುದಿಲ್ಲ. ಅದೇ ಸೆಮಿಸ್ಟರ್‌ನಲ್ಲಿ 12 ಕ್ರೆಡಿಟ್ ಇಟ್ಟುಕೊಂಡರೆ 36, ರಿಸರ್ಚ್ ನಾಲ್ಕಕ್ಕೆ ಇಳಿಸಿದರೆ 40, ಎಂಕ್ಯಾಟ್ ಸೇರಿ 60. ಕಷ್ಟವೇ, ಆದರೆ ನಡೆಯುತ್ತದೆ. ಫುಲ್‌ಟೈಮ್ ವಿದ್ಯಾರ್ಥಿಯಾಗಿ ಉಳಿಯಲು ಸಾಮಾನ್ಯವಾಗಿ 12 ಕ್ರೆಡಿಟ್ ಸಾಕು. ಸ್ಕಾಲರ್‌ಶಿಪ್ ಇದ್ದರೆ ಅದರ ಷರತ್ತು ಬೇರೆ ಇರಬಹುದು, ಕ್ರೆಡಿಟ್ ಇಳಿಸುವ ಮುಂಚೆ ನೋಡಿ.

ಹಾಗಾಗಿ ಪರೀಕ್ಷೆಯ ಸೆಮಿಸ್ಟರ್ ಹಗುರವಾಗಿರಬೇಕು. ಅದಕ್ಕೆ ಹಿಂದಿನ ಸೆಮಿಸ್ಟರ್‌ಗಳು ಸ್ವಲ್ಪ ಭಾರವಾಗಿರಬೇಕು, ಅಥವಾ ಒಂದು ಬೇಸಿಗೆಯಲ್ಲಿ ಒಂದು ಕೋರ್ಸ್ ಮುಗಿಸಿರಬೇಕು. ಸೈಕಾಲಜಿ ಅಥವಾ ಸೋಶಿಯಾಲಜಿಯನ್ನು ಪರೀಕ್ಷೆಯ ಸೆಮಿಸ್ಟರ್‌ಗೇ ಉಳಿಸಿಕೊಂಡರೆ ಕ್ಲಾಸ್ ಓದೇ ಪರೀಕ್ಷೆಯ ಓದೂ ಆಗುತ್ತದೆ. ಫಿಸಿಕ್ಸ್ ಮತ್ತು ಆರ್ಗ್ಯಾನಿಕ್ ಎರಡನೇ ಭಾಗ ಲ್ಯಾಬ್ ಸಮೇತ ಇರುವ ಸೆಮಿಸ್ಟರ್‌ನಲ್ಲಿ ಎಂಕ್ಯಾಟ್ ಓದು ಇಟ್ಟುಕೊಳ್ಳೋದು ಬೇಡವೇ ಬೇಡ. ಜಿಪಿಎ, ಅಂದರೆ ಎಲ್ಲ ಕೋರ್ಸ್‌ಗಳ ಗ್ರೇಡ್‌ನ ಸರಾಸರಿ, ಬಿದ್ದರೆ ಎಂಕ್ಯಾಟ್ ಸ್ಕೋರ್ ಅದನ್ನು ಮುಚ್ಚುವುದಿಲ್ಲ. ಕೋರ್ಸ್ ಮತ್ತೆ ಮಾಡಿದರೂ ಆಮ್‌ಕ್ಯಾಸ್ ಎರಡೂ ಗ್ರೇಡ್‌ಗಳನ್ನು ಸೇರಿಸಿಯೇ ಜಿಪಿಎ ಲೆಕ್ಕ ಹಾಕುತ್ತದೆ. ಎಂಕ್ಯಾಟ್ ತಾರೀಖನ್ನಾದರೂ ಮುಂದೆ ಹಾಕಬಹುದು, ಅಂಕಪಟ್ಟಿಯಲ್ಲಿ ಕೂತ ಸಿ ಗ್ರೇಡ್ ಅಲ್ಲೇ ಇರುತ್ತದೆ.

ಪುಸ್ತಕ ಮುಚ್ಚಿ ಟೆಸ್ಟ್ ಬರೆಯುವ ಹೊತ್ತು

300 ಗಂಟೆಯನ್ನು ಹೇಗೆ ಹಂಚಬೇಕು? ಹೆಚ್ಚಿನವರು ಮುಕ್ಕಾಲು ಪಾಲು ಓದುವುದಕ್ಕೇ ಕೊಟ್ಟು, ಕೊನೆಯ ಎರಡು ವಾರ ಟೆಸ್ಟ್ ಬರೆಯೋಣ ಅಂದುಕೊಳ್ಳುತ್ತಾರೆ. ನಾನು ಹೇಳುವುದು ಅರ್ಧಕ್ಕರ್ಧ. ಕೋರ್ಸ್‌ಗಳನ್ನು ಸರಿಯಾಗಿ ಮಾಡಿದವರಿಗೆ ಓದೋದು ನೆನಪು ಮಾಡಿಕೊಳ್ಳುವ ಕೆಲಸ ಮಾತ್ರ. ಮೇಲಿನ ಹಿಮೋಗ್ಲೋಬಿನ್ ಪ್ರಶ್ನೆ ನೋಡಿದಿರಲ್ಲ, ಅಂಥದ್ದು ಪುಸ್ತಕ ಓದಿದಷ್ಟಕ್ಕೆ ಬರುವುದಿಲ್ಲ, ಪ್ರಶ್ನೆ ಬಿಡಿಸಿ ಬಿಡಿಸಿಯೇ ಬರಬೇಕು.

ಬಾಯಿಪಾಠದ ವಿಷಯಗಳಿಗೆ ಫ್ಲ್ಯಾಶ್‌ಕಾರ್ಡ್ ಒಳ್ಳೆಯದು. ಆಂಕಿ ಎಂಬ ಸಾಫ್ಟ್‌ವೇರ್‌ನ್ನು ಬಹಳ ಜನ ಬಳಸುತ್ತಾರೆ. ಮರೆಯುವ ಹೊತ್ತಿಗೆ ಸರಿಯಾಗಿ ಕಾರ್ಡನ್ನು ಮತ್ತೆ ಮುಂದಿಡುತ್ತದೆ. ಇದರ ಹಿಂದಿನ ವಿಚಾರ ಹಳೆಯದು. ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಅಂತ ಅಳೆದಿದ್ದ. ಕಾರ್ಡ್‌ಗಳನ್ನು ಪರೀಕ್ಷೆಗೆ ಮೂರು ತಿಂಗಳಿದೆ ಅನ್ನುವಾಗ ಶುರು ಮಾಡುವ ಬದಲು ಬಯೋಕೆಮಿಸ್ಟ್ರಿ ಕ್ಲಾಸ್ ನಡೆಯುವಾಗಲೇ ಮಾಡಿಟ್ಟುಕೊಂಡರೆ ಕೆಲಸ ಅರ್ಧ ಮುಗಿದಂತೆ. ಪಾಠಕ್ಕೆ ಖಾನ್ ಅಕಾಡೆಮಿಯ ಎಂಕ್ಯಾಟ್ ವಿಡಿಯೋಗಳು ಉಚಿತವಾಗಿ ಸಿಗುತ್ತವೆ. ದುಬಾರಿ ಕೋಚಿಂಗ್ ಎಲ್ಲರಿಗೂ ಬೇಕಿಲ್ಲ. ಯಾರಾದರೂ ಹಿಂದೆ ಬಿದ್ದು ಓದಿಸಿದರೆ ಮಾತ್ರ ಓದುವ ಸ್ವಭಾವದವರಿಗೆ ಬೇಕಾಗಬಹುದು.

ಕ್ಯಾಲ್ಕುಲೇಟರ್ ಇಲ್ಲದ ಲೆಕ್ಕವನ್ನೂ ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಬೇಕು. ಹೈಡ್ರೋಜನ್ ಅಯಾನ್ ಪ್ರಮಾಣ 3 × 10⁻⁵ ಅಂತ ಕೊಟ್ಟರೆ ಲಾಗ್ ಟೇಬಲ್ ಹುಡುಕುವಂತಿಲ್ಲ. 10⁻⁵ ಆಗಿದ್ದರೆ ಪಿಎಚ್ 5, 10⁻⁴ ಆಗಿದ್ದರೆ 4. ಇದು ನಡುವೆ ಇದೆ, 4.5ರ ಹತ್ತಿರ. ಅಷ್ಟು ಸಾಕು, ಉತ್ತರದ ಆಯ್ಕೆಗಳು ಸಾಮಾನ್ಯವಾಗಿ ಅದಕ್ಕಿಂತ ದೂರದೂರ ಇರುತ್ತವೆ.

ಕಾರ್ಸ್ ಮಾತ್ರ ಬೇರೆಯೇ ಜಾತಿ. ತತ್ವಶಾಸ್ತ್ರ, ಕಲೆ, ಇತಿಹಾಸ, ಅರ್ಥಶಾಸ್ತ್ರ ಹೀಗೆ ಒಂಬತ್ತು ಪ್ಯಾಸೇಜ್, ಒಂದಕ್ಕೆ ಹತ್ತು ನಿಮಿಷ. ಹೊರಗಿನ ಜ್ಞಾನ ಏನೂ ಬೇಡ, ಉತ್ತರ ಪ್ಯಾಸೇಜ್‌ನಲ್ಲೇ ಇರುತ್ತದೆ. ವಿಜ್ಞಾನದಲ್ಲಿ ಗಟ್ಟಿ ಇರುವ ಮಕ್ಕಳು ಇಲ್ಲೇ ಸೊರಗುತ್ತಾರೆ. ಲೇಖಕ ಏನು ಹೇಳುತ್ತಿದ್ದಾನೆ ಅನ್ನುವುದನ್ನು ಬಿಟ್ಟು ತಮಗೆ ಏನು ಸರಿ ಅನ್ನಿಸಿತೋ ಅದನ್ನು ಗುರುತು ಹಾಕುತ್ತಾರೆ. ಮೂರು ತಿಂಗಳಲ್ಲಿ ಉರು ಹೊಡೆದು ಇದನ್ನು ಎತ್ತಲು ಆಗುವುದಿಲ್ಲ. ಮೊದಲ ವರ್ಷದಿಂದಲೇ ತನಗೆ ಸಂಬಂಧವಿಲ್ಲದ ವಿಷಯದ ಉದ್ದ ಲೇಖನಗಳನ್ನು ಓದುತ್ತಾ ಬಂದವರಿಗೆ ಸಲೀಸು. ಇಲ್ಲದವರು ಓದಿನ ಮೊದಲ ವಾರದಿಂದ ದಿನಕ್ಕೆ ಎರಡು ಪ್ಯಾಸೇಜ್, ಗಡಿಯಾರ ಇಟ್ಟುಕೊಂಡು ಮಾಡಬೇಕು. ವಾರಕ್ಕೊಮ್ಮೆ ಹದಿನಾಲ್ಕು ಮಾಡಿದರೆ ಅದೇ ಫಲ ಸಿಗುವುದಿಲ್ಲ.

ಪೂರ್ತಿ ಉದ್ದದ ಮಾಕ್ ಟೆಸ್ಟ್‌ಗಳನ್ನು ಕೊನೆಯ ಆರೇಳು ವಾರಕ್ಕೆ ವಾರಕ್ಕೊಂದರಂತೆ ಇಡಿ. ಮೊದಲು ಕೋಚಿಂಗ್ ಕಂಪನಿಗಳದ್ದು, ಕೊನೆಗೆ ಎಎಎಂಸಿಯದ್ದು. ನಿಜವಾದ ಪರೀಕ್ಷೆಗೆ ಹತ್ತಿರ ಇರುವುದು ಅದೇ, ಅದರಲ್ಲಿ ಉಚಿತವಾಗಿ ಸಿಗುವುದೂ ಇದೆ. ಪರೀಕ್ಷೆ ಬೆಳಿಗ್ಗೆ ಎಂಟಕ್ಕಾದರೆ ಮಾಕ್ ಕೂಡ ಎಂಟಕ್ಕೇ, ಬ್ರೇಕ್ ಕೂಡ ಅಷ್ಟೇ ಹೊತ್ತು, ಫೋನ್ ಬೇರೆ ರೂಮಿನಲ್ಲಿ. ಮರುದಿನ ಬೇರೆ ಏನೂ ಇಟ್ಟುಕೊಳ್ಳಬೇಡಿ. ಟೆಸ್ಟ್ ತಿರುಗಿ ನೋಡಲು ಅದನ್ನು ಬರೆದಷ್ಟೇ ಹೊತ್ತು ಬೇಕು. ತಪ್ಪಾದ ಒಂದೊಂದು ಪ್ರಶ್ನೆಯ ಎದುರು ಯಾಕೆ ತಪ್ಪಾಯಿತು ಅಂತ ಒಂದು ಸಾಲು ಬರೆಯಿರಿ. "ಕೇರ್‌ಲೆಸ್ ಮಿಸ್ಟೇಕ್" ಅಂತ ಬರೆದರೆ ಪ್ರಯೋಜನವಿಲ್ಲ. "ಗ್ರಾಫ್‌ನ ವೈ ಅಕ್ಷ ಲಾಗ್‌ನಲ್ಲಿದೆ ಅಂತ ನೋಡಲಿಲ್ಲ" ಅಂತ ಬರೆದರೆ ಮುಂದಿನ ವಾರ ಕಣ್ಣು ಅಲ್ಲಿಗೆ ಹೋಗುತ್ತದೆ. ಸರಿಯಾದರೂ ಊಹೆಯಿಂದ ಸರಿಯಾದವುಗಳಿಗೂ ಇದೇ ಕ್ರಮ.

ತಾರೀಖು ಮುಂದೆ ಹಾಕೋದು ಯಾವಾಗ

ಮೆಡಿಕಲ್ ಸ್ಕೂಲ್ ಸೇರಿದವರ ಸರಾಸರಿ ಸ್ಕೋರ್ ಇತ್ತೀಚಿನ ವರ್ಷಗಳಲ್ಲಿ 511, 512ರ ಆಸುಪಾಸಿನಲ್ಲಿದೆ. ಎಎಎಂಸಿ ಮಾಕ್ ಟೆಸ್ಟ್‌ಗಳಲ್ಲಿ ಕೊನೆಯ ಎರಡು ಮೂರರ ಸರಾಸರಿ ನಿಮ್ಮ ಗುರಿಯ ಹತ್ತಿರ ಇದೆಯಾ ಅಂತ ನೋಡಿ. ಆರೇಳು ಅಂಕ ಕೆಳಗಿದ್ದರೆ ಪರೀಕ್ಷೆಯ ದಿನ ಪವಾಡ ಆಗುವುದು ಅಪರೂಪ. ವರ್ಷಕ್ಕೆ ಮೂರು ಸಲ, ಎರಡು ವರ್ಷದಲ್ಲಿ ನಾಲ್ಕು ಸಲ, ಜೀವಮಾನದಲ್ಲಿ ಏಳು ಸಲ ಮಾತ್ರ ಬರೆಯಬಹುದು. ಪರೀಕ್ಷೆ ಮುಗಿದ ತಕ್ಷಣ ಸ್ಕೋರ್ ಬೇಡ ಅಂತ ರದ್ದು ಮಾಡಿಸಿದರೂ ಅದು ಲೆಕ್ಕಕ್ಕೆ ಬರುತ್ತದೆ. ಹಿಂದಿನ ಸ್ಕೋರ್‌ಗಳೂ ಸ್ಕೂಲ್‌ಗಳಿಗೆ ಕಾಣುತ್ತವೆ. ಹಾಗಾಗಿ ಸುಮ್ನೆ ಒಂದು ಸಲ ನೋಡೋಣ ಅಂತ ಹೋಗಿ ಕೂರುವ ಪರೀಕ್ಷೆ ಇದಲ್ಲ.

ತಾರೀಖು ಬದಲಿಸಲು ಎಎಎಂಸಿ 60, 30 ಮತ್ತು 10 ದಿನದ ಗಡುವು ಇಟ್ಟಿದೆ. ಹತ್ತಿರ ಬಂದಷ್ಟೂ ಶುಲ್ಕ ಜಾಸ್ತಿ, ಕೊನೆಯ 10 ದಿನದಲ್ಲಿ ಬದಲಿಸಲು ಬಿಡುವುದೇ ಇಲ್ಲ. ಆದ್ದರಿಂದ ಎಎಎಂಸಿಯ ಮೊದಲ ಮಾಕ್ ಟೆಸ್ಟನ್ನು 30 ದಿನದ ಗಡುವಿಗಿಂತ ಒಂದು ವಾರ ಮುಂಚೆ ಬರೆದುಬಿಡಿ. ಅದರ ಅಂಕ ನೋಡಿ ತಾರೀಖು ಉಳಿಸಿಕೊಳ್ಳಬೇಕಾ, ಆಗಸ್ಟ್‌ಗೆ ಹಾಕಿ ಮುಂದಿನ ವರ್ಷದ ಜೂನ್‌ಗೆ ಅರ್ಜಿ ಹಾಕಬೇಕಾ ಅಂತ ಕೂತು ಮಾತಾಡಲು ಆಗ ಇನ್ನೂ ಸಮಯ ಇರುತ್ತದೆ. ಹೆಚ್ಚಿನ ಸ್ಕೂಲ್‌ಗಳು ಎರಡು ಮೂರು ವರ್ಷದ ಹಿಂದಿನ ಸ್ಕೋರನ್ನೂ ಒಪ್ಪುತ್ತವೆ, ಆಗಸ್ಟ್‌ನಲ್ಲಿ ಬರೆದದ್ದು ಮುಂದಿನ ಜೂನ್‌ಗೆ ಧಾರಾಳವಾಗಿ ನಡೆಯುತ್ತದೆ.